ಸುರುಟುವವರು ಕೇಳಿದ ಕತೆಗಳು

ಕಳೆದ ಮಳೆಗಾಲದಲ್ಲಿ ಎರಡು ವಾರ ಬೆಂಗಳೂರಿನ ಅಕ್ಕನ ಮನೆಯಲ್ಲಿದ್ದೆ. ಭಾವನಿಗೆ ಸಿಗಾರ್ ಹವ್ಯಾಸ. ತಿಂಗಳಿಗೆ ಎರಡೋ ಮೂರೋ, ಅದೂ ಶನಿವಾರ ರಾತ್ರಿ, ತಾರಸಿಯ ಮೇಲೆ. ಒಳಗೆಲ್ಲ ಸೀಡರ್ ಮರ ಹೊದಿಸಿದ ಒಂದು ಪೆಟ್ಟಿಗೆ, ಅದರ ಮುಚ್ಚಳದಲ್ಲಿ ತೇವಾಂಶ ತೋರಿಸುವ ಪುಟ್ಟ ಮಾಪಕ. ಮುಳ್ಳು 65ರಿಂದ 70ರ ನಡುವೆ ನಿಂತಿರಬೇಕು. ಕಡಿಮೆಯಾದರೆ ಎಲೆ ಒಡೆಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಅವರು ಸಿಗಾರಿನ ತಲೆಯನ್ನು ಚೂರೇ ಚೂರು ಕತ್ತರಿಸಿ, ಬುಡವನ್ನು ಬೆಂಕಿಗೆ ತಾಗಿಸದೆ ಬಿಸಿ ಮಾಡಿ, ನಿಮಿಷಕ್ಕೊಂದು ಬಾರಿಯಂತೆ ಎಳೆಯುತ್ತಾರೆ. ಹೊಗೆಯನ್ನು ಎದೆಗಿಳಿಸುವುದಿಲ್ಲ, ಬಾಯಲ್ಲೇ ಇರಿಸಿಕೊಂಡು ಬಿಡುತ್ತಾರೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ: ಮೊದಲ ಭಾಗದಲ್ಲಿ ಮರದ ವಾಸನೆ, ನಡುವೆ ಕೋಕೋ, ಕೊನೆಗೆ ಕರಿಮೆಣಸು.

"ನಿನ್ನ ಓದಿನ ಹಾಗೇ ಇದೂ" ಎಂದರು ಒಮ್ಮೆ. ನಾನು ನಕ್ಕೆ. ಆದರೆ ಮಾತು ಸುಳ್ಳೆನಿಸಲಿಲ್ಲ. ಒಂದು ಗಂಟೆ ಫೋನು ಮುಟ್ಟದೆ ಒಂದೇ ವಸ್ತುವಿನ ಮೇಲೆ ಗಮನವಿಟ್ಟು ಕೂರುವುದು ಪಿಎಚ್‌ಡಿ ಮಾಡುತ್ತಿರುವ ನನಗೂ ಈಗ ಕಷ್ಟ. ಅಲ್ಲದೆ ನಮ್ಮ ಕಾವ್ಯಮೀಮಾಂಸೆಯೂ ಓದನ್ನು ನಾಲಗೆಯ ಭಾಷೆಯಲ್ಲೇ ವಿವರಿಸಿದೆ. ರಸ, ಆಸ್ವಾದ, ಚರ್ವಣ, ಎಲ್ಲವೂ ರುಚಿಯ ಮಾತುಗಳೇ. ಆ ರಾತ್ರಿ ಅವರ ಕೈಲಿದ್ದ ಸಿಗಾರಿನ ಕಾಗದದ ಪಟ್ಟಿಯ ಮೇಲೆ 'ಮಾಂಟೆಕ್ರಿಸ್ಟೊ' ಎಂದಿತ್ತು. "ಕಾದಂಬರಿ ಓದಿದ್ದೀರಾ ಭಾವ?" ಎಂದು ಕೇಳಿದೆ. "ಅದು ಕಾದಂಬರಿಯಾ?" ಎಂದರು.

ಈ ಬರಹ ಹುಟ್ಟಿದ್ದು ಆ ಮರುಪ್ರಶ್ನೆಯಿಂದ. ಅಲೆಕ್ಸಾಂಡರ್ ದ್ಯೂಮಾನ ಕಾದಂಬರಿಯ ಹೆಸರು ಹವಾನಾದ ಸಿಗಾರಿಗೆ ಬಂದದ್ದು ಹೇಗೆ? ಸಿಗಾರ್ ಲೋಕದಲ್ಲಿ ಪ್ರಚಲಿತವಿರುವ ಉತ್ತರ ಇದು: ಸಿಗಾರ್ ಸುತ್ತುವ ಕೆಲಸಗಾರರಿಗೆ ಆ ಕಾದಂಬರಿಯೆಂದರೆ ಪ್ರಾಣ, ಹಾಗಾಗಿ 1930ರ ದಶಕದಲ್ಲಿ ಬಂದ ಹೊಸ ಸಿಗಾರಿಗೆ ಅದೇ ಹೆಸರಾಯಿತು. ಅವರು ಅದನ್ನು ಓದಿದ್ದಲ್ಲ, ಕೇಳಿದ್ದು. 1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಒಂದು ಪದ್ಧತಿ ಶುರುವಾಯಿತು. ಸಿಗಾರ್ ಕೆಲಸಗಾರನೂ ಕವಿಯೂ ಆಗಿದ್ದ ಸಾತುರ್ನಿನೊ ಮಾರ್ತಿನೆಸ್ ಅದರ ಹಿಂದಿದ್ದವರಲ್ಲಿ ಒಬ್ಬ. ಸಾಲು ಮೇಜುಗಳಲ್ಲಿ ಜನ ಎಲೆ ಸುತ್ತುತ್ತಿರುವಾಗ ಒಬ್ಬ ಎತ್ತರದ ಪೀಠದಲ್ಲಿ ಕೂತು ಗಟ್ಟಿಯಾಗಿ ಓದುತ್ತಾನೆ. ಅವನಿಗೆ 'ಲೆಕ್ತೋರ್' ಎಂದು ಹೆಸರು. ಮೊದಲು ಪತ್ರಿಕೆ, ಆಮೇಲೆ ಹ್ಯೂಗೊ, ದ್ಯೂಮಾ, ಜೋಲಾ, ಸೆರ್ವಾಂಟಿಸ್. ಅವನ ಸಂಬಳಕ್ಕೆ ಕೆಲಸಗಾರರೇ ತಮ್ಮ ಕೂಲಿಯಿಂದ ತೆಗೆದುಕೊಡುತ್ತಿದ್ದರು. ಯಾವ ಪುಸ್ತಕ ಎಂಬುದನ್ನೂ ಅವರೇ ತೀರ್ಮಾನಿಸುತ್ತಿದ್ದರು. ಮರುವರ್ಷವೇ, 1866ರಲ್ಲಿ, ಸ್ಪ್ಯಾನಿಷ್ ಸರಕಾರ ಇದನ್ನು ನಿಷೇಧಿಸಿತು. ಕತೆ ಕೇಳುವ ಕೂಲಿಯವರನ್ನು ಕಂಡು ಅದು ಹೆದರಿತ್ತು. ಪದ್ಧತಿ ಮಾತ್ರ ಸಾಯಲಿಲ್ಲ. ವಲಸೆ ಹೋದ ಕೆಲಸಗಾರರ ಜೊತೆ ಅಮೆರಿಕದ ಕೀ ವೆಸ್ಟ್ ಮತ್ತು ಟ್ಯಾಂಪಾಗಳಿಗೂ ಹೋಯಿತು.

ಅಂದರೆ ಭಾವನ ಕೈಲಿದ್ದ ಪಟ್ಟಿಯ ಮೇಲಿನ ಹೆಸರು ಸೇದುವವರ ಅಭಿರುಚಿಯ ಗುರುತಲ್ಲ, ಸುತ್ತಿದವರ ಅಭಿರುಚಿಯ ಗುರುತು. ಸಿಗಾರ್ ಕುರಿತ ಸಾಹಿತ್ಯ ಈ ಗುರುತನ್ನು ಏನು ಮಾಡಿದೆ? ಮೂರು ಕೃತಿಗಳನ್ನು ಮುಂದಿಟ್ಟುಕೊಂಡು ನೋಡುತ್ತೇನೆ.

ಮೊದಲನೆಯದು ಭಾವ ಕೊಟ್ಟ ಪುಸ್ತಕ, ಗಿಯೆರ್ಮೊ ಕಬ್ರೇರಾ ಇನ್ಫಾಂತೆಯ 'ಹೋಲಿ ಸ್ಮೋಕ್' (1985). ಸಿಗಾರ್ ಹವ್ಯಾಸಿಗಳ ಕಪಾಟಿನಲ್ಲಿ ಇದು ಇರಲೇಬೇಕಂತೆ. ಕ್ಯೂಬಾದಲ್ಲಿ ಹುಟ್ಟಿ, 1965ರಲ್ಲಿ ದೇಶ ಬಿಟ್ಟು, ಲಂಡನ್ನಿನಲ್ಲಿ ನೆಲೆನಿಂತ ಲೇಖಕ ಸ್ಪ್ಯಾನಿಷ್ ಬಿಟ್ಟು ಇಂಗ್ಲಿಷಿನಲ್ಲೇ ಬರೆದ ಪುಸ್ತಕವಿದು. ಕೊಲಂಬಸ್ಸನ ನಾವಿಕರು ತಂಬಾಕು ಕಂಡಲ್ಲಿಂದ ಹಾಲಿವುಡ್ ಸಿನಿಮಾಗಳ ಸಿಗಾರ್‌ವರೆಗೆ ಎಲ್ಲವೂ ಇದರಲ್ಲಿದೆ. ಪುಟಪುಟಕ್ಕೂ ಶ್ಲೇಷೆ. ಒಂದು ಪದ ಇನ್ನೊಂದಕ್ಕೆ ಹೊತ್ತಿಕೊಳ್ಳುತ್ತದೆ, ಒಂದು ವಿಷಯ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತದೆ. ಮೊದಮೊದಲು ನನಗೆ ಸುಸ್ತಾಯಿತು. ನಡುವೆಲ್ಲೋ ಅರ್ಥವಾದದ್ದು, ಇದು ಸಿಗಾರಿನ ಬಗೆಗಿನ ಪುಸ್ತಕವಷ್ಟೇ ಅಲ್ಲ. ಊರಿಗೆ ಮರಳಲಾಗದವನು ಊರಿನ ವಾಸನೆಯನ್ನು ಹಿಡಿದಿಟ್ಟುಕೊಂಡ ಬಗೆ. ತಮಾಷೆ ನಿಂತರೆ ಅಳು ಬರುತ್ತದೆ, ಅದಕ್ಕೇ ತಮಾಷೆ ನಿಲ್ಲುವುದಿಲ್ಲ. ಈ ಅರ್ಥದಲ್ಲಿ ಅದು ದೊಡ್ಡ ಪುಸ್ತಕವೇ. ಆದರೂ ಅದರ ಕಣ್ಣು ಇರುವುದು ಸೇದುವವನ ಆರಾಮ ಕುರ್ಚಿಯಲ್ಲಿ. ಹೊತ್ತಿಸಿದ ಮೇಲಿನ ಸಿಗಾರ್ ಅದಕ್ಕೆ ಚೆನ್ನಾಗಿ ಗೊತ್ತು. ಹೊತ್ತಿಸುವ ಮೊದಲಿನ ಸಿಗಾರ್ ಅದಕ್ಕೆ ಇತಿಹಾಸದ ಮಾಹಿತಿ, ಅನುಭವವಲ್ಲ.

ಎರಡನೆಯದು ಫರ್ನಾಂದೊ ಓರ್ತಿಸ್ 1940ರಲ್ಲಿ ಪ್ರಕಟಿಸಿದ, ಕ್ಯೂಬಾದ ತಂಬಾಕು ಮತ್ತು ಸಕ್ಕರೆಯನ್ನು ಎದುರುಬದುರು ನಿಲ್ಲಿಸಿದ ಪ್ರಬಂಧ. ಮಾನವಶಾಸ್ತ್ರಜ್ಞರು ಇಂದಿಗೂ ಬಳಸುವ 'ಟ್ರಾನ್ಸ್‌ಕಲ್ಚರೇಶನ್' ಎಂಬ ಪರಿಕಲ್ಪನೆ ಬಂದದ್ದು ಇಲ್ಲಿಂದಲೇ. ಒಂದು ಕಪ್ಪು, ಒಂದು ಬಿಳಿ. ಒಂದಕ್ಕೆ ಕೈ ಬೇಕು, ಇನ್ನೊಂದಕ್ಕೆ ಯಂತ್ರ. ನಮ್ಮ ಯಕ್ಷಗಾನದ ತಾಳಮದ್ದಳೆಯಲ್ಲಿ ಇಬ್ಬರು ಅರ್ಥಧಾರಿಗಳು ವಾದಕ್ಕೆ ಕೂತ ಹಾಗಿದೆ ಅದರ ನಡೆ. ಓರ್ತಿಸ್ ಕೈಯನ್ನು ನೋಡುತ್ತಾನೆ. ಎಲೆಯ ನರ ಬಿಡಿಸುವವರು, ಬಣ್ಣ ನೋಡಿ ವಿಂಗಡಿಸುವವರು, ಒಳಗಿನ ತುಂಬು, ನಡುವಿನ ಕಟ್ಟು, ಹೊರಗಿನ ಹೊದಿಕೆ ಎಂದು ಮೂರು ಪದರವಾಗಿ ಸುತ್ತುವವರು, ಎಲ್ಲರೂ ಅವನ ಪುಟಗಳಲ್ಲಿ ಬರುತ್ತಾರೆ. ಗಟ್ಟಿ ಓದಿನ ಪದ್ಧತಿಯೂ ಬರುತ್ತದೆ. ಕಬ್ಬಿನ ಗಾಣದ ಸದ್ದಿನಲ್ಲಿ ಕಾದಂಬರಿ ಕೇಳಲಾಗದು. ಸಿಗಾರ್ ಸುತ್ತುವ ಕೈಗಳು ಸದ್ದು ಮಾಡುವುದಿಲ್ಲ. ಕೆಲಸದ ಮೌನದಿಂದ ಒಂದು ಸಾಹಿತ್ಯ ಸಂಸ್ಕೃತಿಯೇ ಹುಟ್ಟಿತು. ಆದರೆ ಓರ್ತಿಸ್‌ಗೆ ಈ ಕೇಳುಗರು ಒಂದು ಸಮುದಾಯ. ಅವರಲ್ಲಿ ಒಬ್ಬಳು ಮನೆಗೆ ಹೋಗಿ ಆ ಕತೆಯನ್ನು ಏನು ಮಾಡಿಕೊಂಡಳು ಎಂಬುದು ಪ್ರಬಂಧದ ಹಿಡಿತಕ್ಕೆ ಸಿಗುವುದಿಲ್ಲ.

ಅದನ್ನು ಹಿಡಿಯಲು ಹೊರಟದ್ದು ನಿಲೊ ಕ್ರೂಸ್‌ನ ನಾಟಕ 'ಆನಾ ಇನ್ ದ ಟ್ರಾಪಿಕ್ಸ್', 2003ರ ಪುಲಿಟ್ಜರ್ ಪಡೆದದ್ದು. 1929ರ ಟ್ಯಾಂಪಾ, ಒಂದು ಕುಟುಂಬದ ಸಿಗಾರ್ ಕಾರ್ಖಾನೆ. ಹೊಸ ಲೆಕ್ತೋರ್ ಬಂದು 'ಆನಾ ಕರೆನಿನಾ' ಓದತೊಡಗುತ್ತಾನೆ. ಫ್ಲಾರಿಡಾದ ಸೆಕೆಯಲ್ಲಿ ಕೂತವರ ಬದುಕಿನೊಳಗೆ ರಷ್ಯಾದ ಹಿಮ ಇಳಿಯುತ್ತದೆ. ಗಂಡನ ಪ್ರೀತಿ ಕಳೆದುಕೊಂಡ ಕೊಂಚಿತಾ ತನ್ನ ನೋವಿಗೆ ಮಾತು ಕಂಡುಕೊಳ್ಳುವುದು ಆ ಕಾದಂಬರಿಯಲ್ಲಿ. ಯಂತ್ರ ತರಬೇಕೆನ್ನುವ ಚೆಚೆಗೆ ಮಾತ್ರ ಓದುವ ದನಿ ಕೇಳಿದರೆ ಆಗದು, ಅವನ ಹೆಂಡತಿ ಓಡಿಹೋದದ್ದೇ ಒಬ್ಬ ಲೆಕ್ತೋರನ ಜೊತೆ. ಕೊನೆಗೆ ಅವನ ಗುಂಡಿಗೆ ಓದುಗ ಬಲಿಯಾಗುತ್ತಾನೆ. ನಿಂತುಹೋದ ಪುಸ್ತಕವನ್ನು ಕೊಂಚಿತಾಳ ಗಂಡ ಎತ್ತಿಕೊಂಡು ಮುಂದುವರಿಸುತ್ತಾನೆ. ಆ ದೃಶ್ಯ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಮೂರರಲ್ಲಿ ನನಗೆ ಹೆಚ್ಚು ಹತ್ತಿರದ್ದು ಈ ನಾಟಕವೇ. ಹಾಗಿದ್ದೂ ಒಂದು ತಕರಾರಿದೆ. ಟ್ಯಾಂಪಾದಲ್ಲಿ ಲೆಕ್ತೋರರನ್ನು ಕೊಂದದ್ದು ಹೊಟ್ಟೆಕಿಚ್ಚಲ್ಲ. ಕ್ರಾಂತಿಕಾರಿ ಪತ್ರಿಕೆಗಳನ್ನು ಓದಿಸುತ್ತಾರೆಂದು 1931ರಲ್ಲಿ ಮಾಲೀಕರು ಅವರನ್ನು ಹೊರಹಾಕಿದರು. ಕೆಲಸಗಾರರು ಮುಷ್ಕರ ಹೂಡಿ ಸೋತರು. ಪೀಠವಿದ್ದಲ್ಲಿಗೆ ಮುಂದೆ ರೇಡಿಯೊ ಬಂತು. ನಾಟಕದಲ್ಲಿ ಯಂತ್ರದ ಜಗಳವಿದೆ, ನಿಜ. ಆದರೆ ಪ್ರೇಮ ಎಲ್ಲವನ್ನೂ ಆವರಿಸಿಕೊಂಡು, ಒಟ್ಟಾಗಿ ಕೇಳುವುದು ಒಂದು ಹಕ್ಕೂ ಆಗಿತ್ತು ಎಂಬುದು ಹಿಂದೆ ಸರಿಯುತ್ತದೆ.

ಈ ತಕರಾರು ಬರೀ ಗ್ರಂಥಾಲಯದಲ್ಲಿ ಕೂತು ಹುಟ್ಟಿದ್ದಲ್ಲ. ನನ್ನ ಅಮ್ಮ ಬೀಡಿ ಕಟ್ಟಿ ನಮ್ಮಿಬ್ಬರನ್ನು ಓದಿಸಿದವಳು. ದಕ್ಷಿಣ ಕನ್ನಡದ ನಮ್ಮೂರಿನಲ್ಲಿ ಆಗ ಹೆಚ್ಚುಕಡಿಮೆ ಎಲ್ಲ ಮನೆಗಳ ಜಗಲಿಯಲ್ಲೂ ಇದೇ ನೋಟ: ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ, ನೂಲು. ಸಾವಿರಕ್ಕೆ ಇಷ್ಟು ಎಂದು ಕೂಲಿ. ನಮ್ಮ ದೇಶದ ಕಾನೂನು ಇವರನ್ನೂ ಹವಾನಾದವರ ಬಂಧುಗಳನ್ನೂ ಒಂದೇ ಸಾಲಿನಲ್ಲಿ ಕೂರಿಸಿತ್ತು: 2025ರವರೆಗೆ ಜಾರಿಯಲ್ಲಿದ್ದ 1966ರ ಕಾಯ್ದೆಯ ಹೆಸರೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಅದು ಜಾರಿಗೆ ಬರುತ್ತಲೇ ಮಂಗಳೂರಿನ ಮಾಲೀಕರು ಕಣ್ಣೂರಿನ ಕೆಲಸ ನಿಲ್ಲಿಸಿದರು. ಬೀದಿಗೆ ಬಿದ್ದವರು ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಕಣ್ಣೂರಿನ ಆ ಶೆಡ್ಡುಗಳಲ್ಲಿ ಒಬ್ಬ ಪತ್ರಿಕೆ, ಕಾದಂಬರಿ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟುತ್ತಿದ್ದರು. ನಮ್ಮ ಕಡೆ ಶೆಡ್ಡು ಇರಲಿಲ್ಲ, ಜಗಲಿಗಳಿದ್ದವು. ಕೆಲಸ ಮನೆಮನೆಗೆ ಹಂಚಿಹೋದರೆ ಕೇಳುವುದೂ ಹಂಚಿಹೋಗುತ್ತದೆ. ಅಮ್ಮನಿಗೆ ಮಂಗಳೂರು ಆಕಾಶವಾಣಿ ಇತ್ತು, ಮತ್ತೆ ನಾನಿದ್ದೆ. ಶಾಲೆಯ ಕನ್ನಡ ಪಾಠ ಗಟ್ಟಿಯಾಗಿ ಓದು ಎನ್ನುತ್ತಿದ್ದಳು. ನನ್ನ ಉಚ್ಚಾರ ತಿದ್ದಲಿಕ್ಕೆಂದು ಬಹಳ ವರ್ಷ ಅಂದುಕೊಂಡಿದ್ದೆ. ಅವಳಿಗೆ ಕತೆ ಬೇಕಿತ್ತು.

ಇಂಗ್ಲಿಷಿನ 'ಚೆರೂಟ್' ಬಂದದ್ದು ತಮಿಳಿನ 'ಚುರುಟ್ಟು'ವಿನಿಂದ. ಸುರುಟಿದ್ದು ಎಂದರ್ಥ, ನಮ್ಮ 'ಸುರುಳಿ', 'ಸುರುಟು' ಅದರ ನೆಂಟರೇ. ಆ ಪದದಲ್ಲಿ ಹೊಗೆಯಿಲ್ಲ, ರುಚಿಯಿಲ್ಲ, ಕೈಯ ಕೆಲಸವಷ್ಟೇ ಇದೆ. ಹವ್ಯಾಸದ ಬರವಣಿಗೆ ಮರೆತದ್ದನ್ನು ಪದ ನೆನಪಿಟ್ಟುಕೊಂಡಿದೆ. ಆ ಬರವಣಿಗೆ ಮರೆಯುವ ಇನ್ನೊಂದು ಸಂಗತಿ ದೇಹ. ಸಿಗಾರಿನ ಪರಮಭಕ್ತ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಕಾಣಿಸಿತು. ಸಾಯುವವರೆಗೆ ಹದಿನಾರು ವರ್ಷ ಶಸ್ತ್ರಚಿಕಿತ್ಸೆಗಳ ನಡುವೆಯೂ ಅವನು ಸೇದುವುದು ಬಿಡಲಿಲ್ಲ. ಅಮ್ಮನ ಕೆಮ್ಮಿಗೂ ತಂಬಾಕಿನ ಪುಡಿಗೂ ಇರುವ ಸಂಬಂಧವನ್ನು ಯಾವ ರುಚಿಯ ನೋಟ್‌ಬುಕ್ಕಿನಲ್ಲಿ ಬರೆಯುವುದು?

ಭಾವನ ಶನಿವಾರವನ್ನು ಕೆಡಿಸುವುದು ನನ್ನ ಉದ್ದೇಶವಲ್ಲ. ಅವರ ಗಮನ ನಿಜವಾದದ್ದು, ಆ ಗಮನವನ್ನು ನಾನು ಗೌರವಿಸುತ್ತೇನೆ. ನನ್ನ ಮಾತು ವಿಮರ್ಶೆಗೆ ಸಂಬಂಧಿಸಿದ್ದು. ಆಸ್ವಾದವನ್ನು ಕೊನೆಯಲ್ಲಿ ಅನುಭವಿಸುವವನ ನಾಲಗೆಗಷ್ಟೇ ಕಟ್ಟಿಹಾಕಿದರೆ ಮಾಡಿದವರ ಕಿವಿ ಲೆಕ್ಕಕ್ಕೆ ಬರುವುದಿಲ್ಲ. ಸಿಗಾರಿನ ಕತೆಯಲ್ಲಿ ಸಹೃದಯ ಎಂಬ ಹೆಸರಿಗೆ ಮೊದಲ ಹಕ್ಕು ದ್ಯೂಮಾನನ್ನು ಕೇಳುತ್ತ ಎಲೆ ಸುತ್ತಿದವರದು. ನಮ್ಮ ಜಗಲಿಗಳಲ್ಲಿ ಯಾರು ಏನನ್ನು ಕೇಳುತ್ತ ಬೀಡಿ ಕಟ್ಟಿದರು ಎಂಬುದನ್ನು ನಾವಿನ್ನೂ ಸರಿಯಾಗಿ ಕೇಳಿಕೊಂಡಿಲ್ಲ. ಕನ್ನಡದ ಓದಿನ ಚರಿತ್ರೆ ಬರೆಯುವವರು ಅಲ್ಲಿಗೂ ಹೋಗಬೇಕು.

ಊರಿಗೆ ಹೋದಾಗ ಅಮ್ಮನಿಗೆ ಕ್ಯೂಬಾದ ಈ ಕತೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಓದುವವನಿಗೆ ಸಂಬಳ ಕೊಡುತ್ತಿದ್ದದ್ದು ಯಾರು?"

ಕೆಲಸದವರೇ ಎಂದೆ.

"ಹಾಗಾದ್ರೆ ಬೇಸರದ ಪಾಠ ಬಂದ್ರೆ ಬಿಟ್ಟು ಮುಂದಿನದ್ದು ಓದು ಅಂತ ಹೇಳ್ಬಹುದಿತ್ತು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನಿನಗೆ ನಾನು ಹಾಗೆ ಹೇಳ್ಲಿಲ್ಲ" ಎಂದಳು.