ತಾಯಿನುಡಿಯ ಎರಡು ಕಲಮು: ನವಲಗುಂದದಲ್ಲಿ ಕೂತು ಬರೆದ ವ್ಯಾಖ್ಯಾನ

ಸಂವಿಧಾನದ 350ಎ ಮತ್ತು 350ಬಿ ಕಲಮುಗಳು 1950ರ ಮೂಲ ಸಂವಿಧಾನದಲ್ಲಿ ಇರಲಿಲ್ಲ. ಏಳನೆಯ ತಿದ್ದುಪಡಿ ಇವನ್ನು ಸೇರಿಸಿತು. ಜಾರಿಗೆ ಬಂದದ್ದು 1956ರ ನವೆಂಬರ್ 1ರಂದು. ಅದೇ ದಿನ ಧಾರವಾಡ ಜಿಲ್ಲೆಯ ಜೊತೆಗೆ ನವಲಗುಂದವೂ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಕಾಸರಗೋಡು ಕೇರಳಕ್ಕೆ ಹೋಯಿತು. ಹಿಂದಿನ ದಿನದವರೆಗೆ ನಾವು ನಮ್ಮ ರಾಜ್ಯದಲ್ಲಿ ಭಾಷಾ ಅಲ್ಪಸಂಖ್ಯಾತರು, ಬೆಳಗಾಗುವುದರೊಳಗೆ ಬಹುಸಂಖ್ಯಾತರು. ಕಾಸರಗೋಡಿನ ಕನ್ನಡಿಗರು ಮದ್ರಾಸ್ ರಾಜ್ಯದಲ್ಲಿ ಇದ್ದಾಗಲೂ ಅಲ್ಪಸಂಖ್ಯಾತರೇ, ಕೇರಳಕ್ಕೆ ಹೋದ ಮೇಲೂ ಅಲ್ಪಸಂಖ್ಯಾತರೇ.

ಹಾಗಾಗಿ ಈ ಕಲಮುಗಳನ್ನು ನವಲಗುಂದದಲ್ಲಿ ಕೂತು ಓದುವುದಕ್ಕೂ ಬೇರೆಡೆ ಓದುವುದಕ್ಕೂ ವ್ಯತ್ಯಾಸವಿದೆ. ನಮ್ಮ ಅಜ್ಜಂದಿರು ಬೇಡಿದ್ದು ಇವುಗಳಲ್ಲಿದೆ, ನಾವು ಇನ್ನೊಬ್ಬರಿಗೆ ಕೊಡಬೇಕಾದದ್ದೂ ಇವುಗಳಲ್ಲಿದೆ. ಸಾಲು ಸಾಲಾಗಿ ಬಿಡಿಸುತ್ತೇನೆ. ಸಾಲುಗಳ ಅರ್ಥವನ್ನು ನನ್ನದೇ ಕನ್ನಡದಲ್ಲಿ ಕೊಟ್ಟಿದ್ದೇನೆ.

350ಎ: ಪ್ರತಿಯೊಂದು ರಾಜ್ಯವೂ, ರಾಜ್ಯದೊಳಗಿನ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ

ಹೊಣೆ ಯಾರದು ಎಂಬುದು ಮೊದಲೇ ಬಂದಿದೆ. ಬರೀ ಬೆಂಗಳೂರು, ತಿರುವನಂತಪುರ, ಮುಂಬಯಿಗಳ ಸರಕಾರ ಎಂದು ಬಿಟ್ಟಿಲ್ಲ. ಪುರಸಭೆ, ಪಂಚಾಯಿತಿಯಂಥ ಸ್ಥಳೀಯ ಸಂಸ್ಥೆಗಳನ್ನೂ ಸೇರಿಸಿದೆ. ಶಾಲೆಯ ಪ್ರಶ್ನೆ ಎದ್ದಾಗ ಊರಿನ ಸಂಸ್ಥೆಗಳು 'ಇದು ಮೇಲಿನವರ ಕೆಲಸ' ಎಂದು ಕೈ ತೊಳೆದುಕೊಳ್ಳುವುದುಂಟು. ಈ ಸಾಲು ಅದಕ್ಕೆ ಅವಕಾಶ ಕೊಡುವುದಿಲ್ಲ.

ಪ್ರಯತ್ನ ಮಾಡತಕ್ಕದ್ದು

ಇಡೀ ಕಲಮಿನ ಸಡಿಲು ಗಂಟು ಇದು. 'ಒದಗಿಸತಕ್ಕದ್ದು' ಎಂದಿದ್ದರೆ ಮಾತೇ ಬೇರೆ. ಪ್ರಯತ್ನಪಟ್ಟೆವು, ಆಗಲಿಲ್ಲ ಎಂದು ಯಾವ ಸರಕಾರ ಬೇಕಾದರೂ ಹೇಳಬಹುದು. ಈ ಶಬ್ದಕ್ಕೆ ತೂಕ ಬರುವುದು ಯಾರಾದರೂ ಬಂದು 'ಏನು ಪ್ರಯತ್ನ ಮಾಡಿದಿರಿ, ತೋರಿಸಿ' ಎಂದು ಕೇಳಿದಾಗ. ಹಾಗೆ ಕೇಳುವವನು ಮುಂದಿನ ಕಲಮಿನಲ್ಲಿ ಬರುತ್ತಾನೆ.

ಭಾಷಾ ಅಲ್ಪಸಂಖ್ಯಾತ ಗುಂಪುಗಳಿಗೆ ಸೇರಿದ ಮಕ್ಕಳಿಗೆ

ಅಲ್ಪಸಂಖ್ಯಾತ ಎಂದ ಕೂಡಲೆ ನಮ್ಮ ಕಡೆ ಧರ್ಮವೇ ನೆನಪಿಗೆ ಬರುತ್ತದೆ. ಕರ್ನಾಟಕ ರಾಜ್ಯ ಅಲ್ಪಸಂಖ್ಯಾತರ ಆಯೋಗ 1994ರ ಕಾಯ್ದೆಯ ಮೇಲೆ ನಿಂತಿದೆ, ಅದರ ಹೆಸರು ಎಲ್ಲರಿಗೂ ಗೊತ್ತು. ಈ ಸಾಲು ಹೇಳುವ ಅಲ್ಪಸಂಖ್ಯೆ ಭಾಷೆಯದು, ಎಣಿಕೆಯೇ ಬೇರೆ. ಧಾರವಾಡ ಜಿಲ್ಲೆಯ ಕನ್ನಡ ಮಾತಾಡುವ ಜೈನರು ಧರ್ಮದಿಂದ ಅಲ್ಪಸಂಖ್ಯಾತರು, ಭಾಷೆಯಿಂದ ಬಹುಸಂಖ್ಯಾತರು. ಸಾಂಗಲಿ ಜಿಲ್ಲೆಯ ಜತ್ತದಲ್ಲಿ ಕನ್ನಡ ಮಾತಾಡುವ ಹಿಂದೂ ರೈತನ ಲೆಕ್ಕ ಇದಕ್ಕೆ ಸರಿಯಾಗಿ ತಿರುಗಾಮುರುಗಾ. ಮನೆಯಲ್ಲಿ ದಖನಿ ಉರ್ದು ಆಡುವ, ನವಲಗುಂದದ ಜಮಖಾನ ನೇಯುವ ಮುಸ್ಲಿಂ ಹೆಣ್ಣುಮಗಳು ಎರಡೂ ಲೆಕ್ಕದಲ್ಲಿ ಅಲ್ಪಸಂಖ್ಯಾತಳು.

ಯಾವ ಸೀಮೆಯೊಳಗೆ ಎಣಿಸಬೇಕು? ಸುಪ್ರೀಂ ಕೋರ್ಟು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ರಾಜ್ಯವನ್ನೇ ಘಟಕವೆಂದು ಹಿಡಿಯಿತು. ಹೀಗಾಗಿ ಒಂದೇ ಭಾಷೆ ಗಡಿಗಲ್ಲಿನ ಈಚೆ ಬಹುಸಂಖ್ಯೆ, ಆಚೆ ಅಲ್ಪಸಂಖ್ಯೆ. ಗಡಿಯಾಚೆಯ ಅಕ್ಕಲಕೋಟೆಯಲ್ಲಿ ಕನ್ನಡ ಶಾಲೆಗೆ ಶಿಕ್ಷಕರಿಲ್ಲ ಎಂದು ಕೇಳಿದಾಗ ನಮ್ಮ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಆಗಲೇಬೇಕು. ಆ ಸಂಕಟಕ್ಕೆ ಆಧಾರ ಈ ಸಾಲು. ನಮ್ಮ ತಾಲೂಕಿನ ಉರ್ದು ಶಾಲೆಯ ಹುಡುಗಿಗೂ ಇದೇ ಸಾಲು ಆಧಾರ. ಒಂದು ಕಡೆ ಇದನ್ನು ಹಿಡಿದು ಹೋರಾಡಿ, ಇನ್ನೊಂದು ಕಡೆ ಮರೆತರೆ ನ್ಯಾಯವಾಗದು.

ನಮಗೂ ಅಂಥ ಕಾಲವಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಚೇರಿಗಳಲ್ಲಿ, ಶಾಲೆಗಳಲ್ಲಿ ಮರಾಠಿಯದೇ ನಡೆ. ಮನೆಯಲ್ಲಿ ಕನ್ನಡ ಆಡುವ ಹುಡುಗ ಶಾಲೆಗೆ ಹೋಗಿ ಮರಾಠಿ ಮೂಳಾಕ್ಷರ ತಿದ್ದುತ್ತಿದ್ದ. ಶಿಕ್ಷಣ ಇಲಾಖೆಯ ಡೆಪ್ಯುಟಿ ಚನ್ನಬಸಪ್ಪನವರು ಊರೂರಿಗೆ ಕನ್ನಡ ಶಾಲೆ ತಂದದ್ದು, 1890ರಲ್ಲಿ ಧಾರವಾಡದಲ್ಲಿ ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಇದೇ ಸಂಕಟದಿಂದ. ಆಗ ಅವರ ಕೈಯಲ್ಲಿ ಇಂಥ ಕಲಮು ಇರಲಿಲ್ಲ.

ಪ್ರಾಥಮಿಕ ಹಂತದಲ್ಲಿ ತಾಯಿನುಡಿಯಲ್ಲಿ ಕಲಿಸಲು

'ಪ್ರಾಥಮಿಕ ಹಂತದಲ್ಲಿ' ಎಂಬುದು ಮಿತಿ. ಮಾಧ್ಯಮಿಕ ಶಾಲೆಗೆ ಈ ಕಲಮು ಕೈ ಚಾಚುವುದಿಲ್ಲ.

'ತಾಯಿನುಡಿ' ಎಂಬಲ್ಲಿ ತಡೆದು ನಿಲ್ಲಬೇಕು. ಅದು ಏನೆಂದು ತಿಳಿಯಲು ನಮ್ಮೂರಿನ ಮಗ್ಗವನ್ನೇ ನೋಡೋಣ. ನವಲಗುಂದದ ಜಮಖಾನದ ಮಗ್ಗ ನೆಲಕ್ಕೆ ಮಲಗಿದ್ದಲ್ಲ, ಗೋಡೆಯ ಹಾಗೆ ನೆಟ್ಟಗೆ ನಿಂತದ್ದು. ಮೇಲೊಂದು ಕೆಳಗೊಂದು ಮರದ ದಿಮ್ಮಿ, ನಡುವೆ ಬಿಗಿದ ಹತ್ತಿಯ ಹಾಸುನೂಲು. ಲಾಳಿಯಿಲ್ಲ. ಬಣ್ಣದ ನೂಲನ್ನು ಬೆರಳಿನಿಂದಲೇ ಎಳೆಗಳ ನಡುವೆ ದಾಟಿಸಿ, ಕಬ್ಬಿಣದ ಹಲ್ಲಿನ ಪಂಜದಿಂದ ಬಡಿದು ಕೂರಿಸುತ್ತಾರೆ. ನವಿಲು ಬರಬೇಕು, ಪಗಡೆಯ ಹಾಸು ಬರಬೇಕು. ಎದುರಿಗೆ ನಕಾಶೆ ಇರುವುದಿಲ್ಲ. ಎಷ್ಟು ಎಳೆ ಬಿಟ್ಟು ಯಾವ ಬಣ್ಣ ಎಂಬುದು ತಲೆಯಲ್ಲಿರುತ್ತದೆ, ಬಾಯಲ್ಲಿರುತ್ತದೆ. ಹಿರಿಯಳು ಎಣಿಸುತ್ತಾಳೆ, ಕಿರಿಯಳು ಕೇಳುತ್ತಾಳೆ. ಎಣಿಕೆ ನಡೆಯುವುದು ಮನೆಯ ಮಾತಿನಲ್ಲಿ, ಅಂದರೆ ದಖನಿಯಲ್ಲಿ. 'ಹೌ', 'ನಕ್ಕೋ' ಎನ್ನುವ, ಕನ್ನಡ ಮರಾಠಿಗಳ ನೆರಳಿನಲ್ಲೇ ಬೆಳೆದ ದಖನಿ. ಭೌಗೋಳಿಕ ಗುರುತಿನ ಮುದ್ರೆ ಪಡೆದ ಈ ಕಸುಬು ಒಂದು ಭಾಷೆಯ ಎಣಿಕೆಯಲ್ಲಿ ಉಳಿದಿದೆ ಎಂಬುದನ್ನು ಮುದ್ರೆ ಹೇಳುವುದಿಲ್ಲ.

ಉರ್ದು ಶಾಲೆಯ ಪಠ್ಯಪುಸ್ತಕದ ಭಾಷೆ ಆ ದಖನಿ ಅಲ್ಲ. ಕಲಘಟಗಿಯ ಹುಡುಗನ ಬಾಯಿಮಾತಿಗೂ ಅವನ ಕನ್ನಡ ಪುಸ್ತಕಕ್ಕೂ ಎಷ್ಟು ದೂರವೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ದೂರ. ಆದರೂ ಅದು ದಾಟಬಹುದಾದ ಹಳ್ಳ. ಆರು ವರ್ಷದ ಮಗುವನ್ನು ಕೇಳರಿಯದ ಭಾಷೆಯ ಮುಂದೆ ಕೂರಿಸಿದರೆ ಅದು ನಮ್ಮ ಕಡೆಯ ತುಂಬಿದ ಬೆಣ್ಣೆಹಳ್ಳ. ಲೆಕ್ಕ ಬರುವ ಮಗುವೂ ಅಲ್ಲಿ ಮೂಕವಾಗುತ್ತದೆ, ನಾವು ಅದನ್ನು ದಡ್ಡ ಎನ್ನುತ್ತೇವೆ.

ತಾಯಿನುಡಿ ಯಾವುದೆಂದು ಹೇಳುವವರು ಯಾರು? ಕರ್ನಾಟಕದ್ದೇ ಮೊಕದ್ದಮೆಯಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉತ್ತರ ಕೊಟ್ಟಿತು. ಮಗುವಿನ ತಾಯಿನುಡಿಯನ್ನು ತಂದೆತಾಯಿಯೇ ಹೇಳಬೇಕು, ಇದೇ ಮಾಧ್ಯಮದಲ್ಲಿ ಕಲಿಯಿರಿ ಎಂದು ಸರಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಕನ್ನಡ ಮಾಧ್ಯಮಕ್ಕಾಗಿ ದುಡಿದ ಬಹಳ ಜನಕ್ಕೆ ಆ ತೀರ್ಪು ನೋವು ತಂದಿತು. ಆ ನೋವು ನನಗೂ ಇದೆ. ಆದರೆ 350ಎ ಓದಿದಾಗ ಒಂದು ಮಾತು ಒಪ್ಪಲೇಬೇಕಾಗುತ್ತದೆ: ಇದನ್ನು ಬರೆದದ್ದು ಅಲ್ಪಸಂಖ್ಯಾತರ ಕೈಗೆ ಹಕ್ಕು ಕೊಡಲು, ಅವರ ಮೇಲೆ ಹೇರಲು ಅಲ್ಲ.

ಸಾಕಷ್ಟು ಅನುಕೂಲ

ಸಾಕಷ್ಟು ಎಂದರೆ ಎಷ್ಟು? ಕಲಮು ಹೇಳುವುದಿಲ್ಲ. ಅಳತೆ ಅದಕ್ಕಿಂತ ಹಳೆಯದು. 1949ರ ಆಗಸ್ಟಿನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಂದು ಲೆಕ್ಕ ಒಪ್ಪಿತು. ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳಿದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ, ಆ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕನನ್ನು ಕೊಡಬೇಕು. ಮಕ್ಕಳ ಹೆಸರನ್ನು ಶಾಲೆಯ ವರ್ಷ ಸುರುವಾಗುವ ಮೂರು ತಿಂಗಳು ಮೊದಲೇ ಬರೆದುಕೊಳ್ಳಲು ವಹಿ ಇಡಬೇಕು ಎಂಬ ಏರ್ಪಾಡೂ ಆಮೇಲೆ ಬಂತು. ನಲವತ್ತು, ಹತ್ತು, ಮೂರು ತಿಂಗಳು. ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದ ಅಂಕಿಗಳಿವು.

ರಾಷ್ಟ್ರಪತಿ ಇದಕ್ಕಾಗಿ ಯಾವುದೇ ರಾಜ್ಯಕ್ಕೆ ನಿರ್ದೇಶನ ಕೊಡಬಹುದು

ಕೊಡಬಹುದು, ಕೊಡಲೇಬೇಕೆಂದಿಲ್ಲ. ಮುಂದೆ ಹೋಗೋಣ.

350ಬಿ (1): ಭಾಷಾ ಅಲ್ಪಸಂಖ್ಯಾತರಿಗಾಗಿ ರಾಷ್ಟ್ರಪತಿ ನೇಮಿಸುವ ಒಬ್ಬ ವಿಶೇಷ ಅಧಿಕಾರಿ ಇರತಕ್ಕದ್ದು

ಈ ಅಧಿಕಾರಿ ಎಲ್ಲಿಂದ ಬಂದ ಎಂಬುದಕ್ಕೆ ಕಥೆಯಿದೆ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಉಪವಾಸ ಕೂತರು. ದೇಶದ ಬೇರೆ ಕಡೆಗಳಲ್ಲೂ ಭಾಷಾವಾರು ರಾಜ್ಯದ ಕೂಗು ಎದ್ದಿತ್ತು. ಅದೇ ವರ್ಷದ ಕೊನೆಗೆ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಕವಾಯಿತು. 1955ರಲ್ಲಿ ವರದಿ ಕೊಟ್ಟ ಆಯೋಗಕ್ಕೆ ಒಂದು ವಿಷಯ ಸ್ಪಷ್ಟವಿತ್ತು: ಗೆರೆ ಎಲ್ಲಿ ಎಳೆದರೂ ಎರಡೂ ಬದಿಗೆ ಅಲ್ಪಸಂಖ್ಯಾತರು ಉಳಿಯುತ್ತಾರೆ. ಅವರ ರಕ್ಷಣೆಯನ್ನು ರಾಜ್ಯಪಾಲರ ಮೂಲಕ ನೋಡಿಕೊಳ್ಳಬೇಕೆಂದು ಅದು ಸೂಚಿಸಿತು. ಕೇಂದ್ರ ಸರಕಾರ ಅದನ್ನು ಒಪ್ಪದೆ ಒಬ್ಬ ವಿಶೇಷ ಅಧಿಕಾರಿಯನ್ನು ಆರಿಸಿಕೊಂಡಿತು. 1957ರಲ್ಲಿ ಕಚೇರಿ ಸುರುವಾಯಿತು. ಈ ಅಧಿಕಾರಿಗೆ ಭಾಷಾ ಅಲ್ಪಸಂಖ್ಯಾತರ ಆಯುಕ್ತ ಎಂದು ಹೆಸರು. ಮೊದಲ ಆಯುಕ್ತರು ಅಲಹಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಬಿ. ಮಲಿಕ್. ಕಚೇರಿಯೂ ಬಹುಕಾಲ ಅಲಹಾಬಾದಿನಲ್ಲೇ ಇತ್ತು. ಕಾಸರಗೋಡು ಕಡೆಯ ಮಂಜೇಶ್ವರದ ಶಾಲೆಗೆ ಕನ್ನಡ ಶಿಕ್ಷಕ ಬೇಕೆನ್ನುವ ತಂದೆಗೆ ಅಲಹಾಬಾದು ಎಷ್ಟು ದೂರ ಎಂದು ಓದುಗರೇ ಲೆಕ್ಕ ಹಾಕಲಿ.

350ಬಿ (2): ಸಂವಿಧಾನ ಕೊಟ್ಟ ರಕ್ಷಣೆಗಳ ಎಲ್ಲ ವಿಷಯವನ್ನೂ ತನಿಖೆ ಮಾಡಿ ರಾಷ್ಟ್ರಪತಿಗೆ ವರದಿ ಕೊಡುವುದು ಆ ಅಧಿಕಾರಿಯ ಕರ್ತವ್ಯ

ತನಿಖೆ, ವರದಿ. ಇಷ್ಟೇ. ಆದೇಶ ಎಂಬ ಮಾತಿಲ್ಲ.

ಇಂಥ ಸಂಸ್ಥೆಗಳ ಹಣೆಬರಹ ಬಹಳ ಕಡೆ ಹೀಗೆಯೇ. ಅಮೆರಿಕದ ಓಹಿಯೋ ರಾಜ್ಯದ ಶಾಸನಸಭೆ 1977ರಲ್ಲಿ ಸ್ಪ್ಯಾನಿಷ್ ಮಾತಾಡುವವರ ವಿಷಯ ನೋಡಿಕೊಳ್ಳಲು ಆಯೋಗವೊಂದನ್ನು ಮಾಡಿತು. ಆಮೇಲೆ ಅದರ ಹೆಸರು ಹಿಸ್ಪಾನಿಕ್ ಮತ್ತು ಲ್ಯಾಟಿನೋ ಜನರ ಆಯೋಗ ಎಂದಾಯಿತು. ಸರಕಾರಕ್ಕೆ ಸಲಹೆ ಕೊಡುವುದು, ಜನರನ್ನೂ ಕಚೇರಿಗಳನ್ನೂ ಜೋಡಿಸುವುದು ಅದರ ಕೆಲಸ. ಆದರೂ ಅದು ಜನರಿಗೆ ಹತ್ತಿರದ ರಾಜ್ಯ ರಾಜಧಾನಿಯಲ್ಲೇ ಇದೆ ಎಂಬುದನ್ನು ನಾವು ಗಮನಿಸಬೇಕು. ನಮ್ಮದು ಇಡೀ ದೇಶಕ್ಕೆ ಒಬ್ಬ ಅಧಿಕಾರಿ.

ಇಲ್ಲಿ ನನ್ನ ಅಭಿಪ್ರಾಯ ಬಿಚ್ಚಿ ಹೇಳುತ್ತೇನೆ. ಪರಿಶಿಷ್ಟ ಜಾತಿ, ಪಂಗಡಗಳಿಗೂ ಮೊದಲು ಇಂಥದೇ ಒಬ್ಬ ವಿಶೇಷ ಅಧಿಕಾರಿ ಇದ್ದ. 1990ರ ಅರವತ್ತೈದನೆಯ ತಿದ್ದುಪಡಿ ಆ ಸ್ಥಾನದಲ್ಲಿ ಹಲವು ಸದಸ್ಯರ ಆಯೋಗ ತಂದಿತು, ಸಾಕ್ಷಿಗಳನ್ನು ಕರೆಸಲು, ಕಡತ ತರಿಸಲು ದಿವಾಣಿ ನ್ಯಾಯಾಲಯದ ಅಧಿಕಾರ ಕೊಟ್ಟಿತು. 1992ರ ಕಾಯ್ದೆಯಿಂದ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗಕ್ಕೂ ಅದೇ ಬಲ ಬಂತು. 350ಬಿಯ ಅಧಿಕಾರಿ ಮಾತ್ರ 1956ರಲ್ಲಿ ನಿಂತಲ್ಲೇ ನಿಂತಿದ್ದಾನೆ. ಈ ಕಲಮನ್ನೂ ಹಾಗೆಯೇ ತಿದ್ದಬೇಕು. ಪ್ರತಿ ರಾಜ್ಯದಲ್ಲೂ ಭಾಷಾ ಅಲ್ಪಸಂಖ್ಯಾತರಿಗೆ ಕಡತ ತರಿಸುವ ಅಧಿಕಾರವಿರುವ ಆಯೋಗ ಬೇಕು. 2017ರಲ್ಲಿ ಕೇರಳ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನ ಕನ್ನಡಿಗರು ಬೀದಿಗೆ ಇಳಿದರು. ಬಲವಿರುವ ಆಯೋಗವೊಂದು ಅಲ್ಲೇ ಇದ್ದಿದ್ದರೆ ಅವರು ಮೊದಲು ಅದರ ಬಾಗಿಲಿಗೆ ಹೋಗಬಹುದಿತ್ತು.

ಆ ವರದಿಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದೆ ಇಡಿಸಿ, ಸಂಬಂಧಪಟ್ಟ ರಾಜ್ಯ ಸರಕಾರಗಳಿಗೆ ಕಳಿಸತಕ್ಕದ್ದು

ಕೊನೆಯ ಸಾಲು ಅಂದುಕೊಂಡಷ್ಟು ಬಡವಲ್ಲ. ವರದಿಯಲ್ಲಿ ಬಂದ ಶಾಲೆಯ ಹೆಸರು ಸಂಸತ್ತಿನ ದಾಖಲೆಯಾಗುತ್ತದೆ, ರಾಜ್ಯದ ಮೇಜಿಗೂ ಬರುತ್ತದೆ. ಆಗ ಪ್ರತಿನಿಧಿಗಳು ಅದನ್ನು ಹಿಡಿದು ಪ್ರಶ್ನೆ ಕೇಳಬಹುದು. ಆದರೆ ಯಾರೂ ಬರೆದು ಕಳಿಸದ ದೂರು ವರದಿಯಲ್ಲಿ ಬರುವುದಿಲ್ಲ. ಅರ್ಜಿಯೇ ಇಲ್ಲದಿದ್ದರೆ ತೊಂದರೆಯೇ ಇಲ್ಲ ಎಂದು ಕಚೇರಿ ಬರೆದುಕೊಳ್ಳುತ್ತದೆ.

ಅದಕ್ಕೇ ಗಡಿಯಾಚೆಯ ಕನ್ನಡ ಮನೆಗಳಿಗೂ ನಮ್ಮೂರಿನ ಉರ್ದು ಮನೆಗಳಿಗೂ ನನ್ನ ಬಿನ್ನಹ ಒಂದೇ. ಶಾಲೆ ಸುರುವಾಗುವ ಮೂರು ತಿಂಗಳು ಮೊದಲು, ಅಂದರೆ ಯುಗಾದಿಗಿಂತ ಮುಂಚೆಯೇ, ನಿಮ್ಮ ಓಣಿಯಲ್ಲಿ ಒಂದನೆಯ ಇಯತ್ತೆಗೆ ಬರುವ ಹತ್ತು ಮಕ್ಕಳ ಹೆಸರು ಕೂಡಿಸಿರಿ, ತಂದೆತಾಯಿಯ ಸಹಿ ಹಾಕಿಸಿರಿ, ಶಾಲೆಯ ಹೆಡ್‌ಮಾಸ್ತರರಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕೊಟ್ಟು ಪೋಚಪಾವತಿ ಇಸಿದುಕೊಳ್ಳಿರಿ. ಅದರ ಇನ್ನೊಂದು ಪ್ರತಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಹೋಗಲಿ.