ರೋಗಿಯ ಸಮಸ್ಯೆಗಳ ಪಟ್ಟಿಗೆ ಯಾರು ಹೊಣೆ?

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನ ಕೇಸ್ ಶೀಟ್ ಬರೆಯುವ ರೀತಿಯನ್ನೇ ಬದಲಿಸಿತು. ಅದುವರೆಗೆ ಲ್ಯಾಬ್ ವರದಿ ಒಂದೆಡೆ, ನರ್ಸ್ ಬರೆದದ್ದು ಇನ್ನೊಂದೆಡೆ, ವೈದ್ಯರ ಟಿಪ್ಪಣಿ ಮತ್ತೊಂದೆಡೆ ಇರುತ್ತಿದ್ದವು. ದಾಖಲೆಯ ಮೊದಲ ಪುಟದಲ್ಲೇ ರೋಗಿಯ ಎಲ್ಲ ಸಮಸ್ಯೆಗಳ ಪಟ್ಟಿ ಇರಬೇಕು, ಪ್ರತಿ ಸಮಸ್ಯೆಗೂ ಒಂದು ಸಂಖ್ಯೆ ಇರಬೇಕು, ಮುಂದಿನ ಟಿಪ್ಪಣಿಗಳೆಲ್ಲ ಆ ಸಂಖ್ಯೆಯಡಿಯೇ ಬರಬೇಕು ಎಂದರು ವೀಡ್. ರೋಗಿ ಹೇಳಿದ್ದು, ವೈದ್ಯರು ಕಂಡದ್ದು, ಅದರಿಂದ ಗ್ರಹಿಸಿದ್ದು, ಮುಂದೆ ಮಾಡಬೇಕಾದದ್ದು ಎಂಬ ನಾಲ್ಕು ಭಾಗಗಳ ಟಿಪ್ಪಣಿ ಇಂದಿಗೂ ವೈದ್ಯ ವಿದ್ಯಾರ್ಥಿಗಳಿಗೆ ಪಾಠ.

ಈ ಕ್ರಮದ ನಿಜವಾದ ಹಿರಿಮೆ ಅದರ ಪ್ರಾಮಾಣಿಕತೆಯಲ್ಲಿದೆ. ಎಷ್ಟು ಗೊತ್ತಿದೆಯೋ ಅಷ್ಟನ್ನೇ ಬರೆಯಬೇಕು, ಊಹೆಯನ್ನು ರೋಗನಿರ್ಣಯವೆಂದು ಬರೆಯಬಾರದು. ಒಬ್ಬ ಮಹಿಳೆ ಆಯಾಸವೆಂದು ಬರುತ್ತಾಳೆ ಎನ್ನಿ. ಮೊದಲ ದಿನ ಪಟ್ಟಿಯಲ್ಲಿ ‘ಆಯಾಸ’ ಎಂದಷ್ಟೇ ಇರುತ್ತದೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಜೊತೆಗೆ ಕಬ್ಬಿಣಾಂಶವೂ ಕಡಿಮೆ ಕಂಡಾಗ ಅದೇ ಸಾಲು ‘ಕಬ್ಬಿಣಾಂಶದ ಕೊರತೆಯ ರಕ್ತಹೀನತೆ’ ಆಗುತ್ತದೆ. ವಿಚಾರಿಸಿದರೆ ಮುಟ್ಟಿನ ಸ್ರಾವ ಹೆಚ್ಚೆಂದು ತಿಳಿಯುತ್ತದೆ, ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಸಿಗುತ್ತದೆ. ಆಯಾಸ, ರಕ್ತಹೀನತೆ, ಹೆಚ್ಚಿನ ಸ್ರಾವ ಮೂರೂ ಒಂದೇ ಕಾರಣದಡಿ ಸೇರುತ್ತವೆ. ಮುಂದೆ ನೋಡುವ ವೈದ್ಯರು ಬರೀ ಕಬ್ಬಿಣದ ಮಾತ್ರೆ ಬರೆದು ಕಳಿಸುವುದಿಲ್ಲ.

ವೀಡ್ ಕಂಪ್ಯೂಟರ್‌ ವಿರೋಧಿಯಾಗಿರಲಿಲ್ಲ. 1970ರ ದಶಕದಲ್ಲೇ ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಅವರ ತಂಡ ಟಚ್‌ಸ್ಕ್ರೀನ್ ಬಳಸಿ ಇದೇ ಕ್ರಮದ ವ್ಯವಸ್ಥೆ ಕಟ್ಟಿತ್ತು. ಆದರೆ ನಂತರ ಎಲ್ಲೆಡೆ ಬಂದ ಎಲೆಕ್ಟ್ರಾನಿಕ್ ದಾಖಲೆಗಳು ಪಟ್ಟಿಯನ್ನು ಉಳಿಸಿಕೊಂಡು ಅದರ ಶಿಸ್ತನ್ನು ಕೈಬಿಟ್ಟವು. ಕಾಗದದಲ್ಲಿ ‘ಕ್ಷಯ ಇರಬಹುದೇ, ನೋಡಬೇಕು’ ಎಂದು ಬರೆಯುವುದು ಸುಲಭ. ಪರದೆಯಲ್ಲಿ ಪರೀಕ್ಷೆಗೆ ಕಳಿಸಲು ಒಂದು ರೋಗವನ್ನು ಆರಿಸಲೇಬೇಕಾಗಿ ಬಂದರೆ, ಸಂಶಯಕ್ಕೂ ಖಚಿತ ರೋಗದ ಹೆಸರೇ ಬೀಳುತ್ತದೆ. ಫಲಿತಾಂಶ ನೆಗೆಟಿವ್ ಬಂದ ಮೇಲೂ ಅದನ್ನು ಯಾರೂ ಅಳಿಸುವುದಿಲ್ಲ. ಹಿಂದಿನ ಟಿಪ್ಪಣಿ ಕಾಪಿಯಾದಂತೆಲ್ಲ ಆ ರೋಗ ರೋಗಿಯ ಪೂರ್ವೇತಿಹಾಸವೇ ಆಗಿಬಿಡುತ್ತದೆ.

ಕೋಡ್‌ಗಳ ಮಾತೂ ಹೀಗೆಯೇ. ಐಸಿಡಿ ಎಂಬ ಅಂತರರಾಷ್ಟ್ರೀಯ ರೋಗ ವರ್ಗೀಕರಣದ ಮೂಲ ಇರುವುದು 1893ರ ಸಾವಿನ ಕಾರಣಗಳ ಪಟ್ಟಿಯಲ್ಲಿ. ಅದು ಹುಟ್ಟಿದ್ದು ಎಣಿಕೆಗಾಗಿ. ಅಂಕಿಅಂಶಕ್ಕೂ ಬಿಲ್ಲಿಗೂ ಅದು ಬೇಕು. ಆದರೆ ಒಬ್ಬ ಮಹಿಳೆಯ ತೊಡಕಿಲ್ಲದ ಟೈಪ್ 2 ಮಧುಮೇಹಕ್ಕೆ ಇ11.9 ಎಂದು ನಮೂದಿಸಿದರೆ, ಆಕೆ ಇನ್ಸುಲಿನ್‌ಗೆ ಏಕೆ ಹೆದರುತ್ತಾಳೆ, ಯಾವ ಮಾತ್ರೆ ಒಗ್ಗಲಿಲ್ಲ ಎಂಬುದು ಅದರಲ್ಲಿ ಕಾಣದು. ಅಮೆರಿಕ 2011ರಿಂದ ಎಲೆಕ್ಟ್ರಾನಿಕ್ ದಾಖಲೆಗೆ ಪ್ರೋತ್ಸಾಹಧನ ಕೊಡತೊಡಗಿದಾಗ ಮೊದಲ ಹಂತದ ಷರತ್ತುಗಳಲ್ಲಿ ಇದೂ ಒಂದು: ಶೇ. 80ಕ್ಕಿಂತ ಹೆಚ್ಚು ರೋಗಿಗಳ ಪಟ್ಟಿಯಲ್ಲಿ ಕನಿಷ್ಠ ಒಂದು ನಮೂದು ಇರಬೇಕು, ಇಲ್ಲವೇ ಸಮಸ್ಯೆ ಇಲ್ಲವೆಂದು ದಾಖಲಾಗಿರಬೇಕು. ನಮೂದು ಇದೆಯೇ ಎಂದು ಎಣಿಸಿದರು. ಸರಿಯಿದೆಯೇ ಎಂದು ಆ ಎಣಿಕೆ ಹೇಳಲಾರದು.

ವೀಡ್ ಕ್ರಮಕ್ಕೂ ಮಿತಿಯಿದೆ. ಸಮಸ್ಯೆಗಳನ್ನು ಬಿಡಿಬಿಡಿಯಾಗಿ ಬರೆಯುತ್ತ ಹೋದರೆ ಇಡೀ ಮನುಷ್ಯ ಕಣ್ತಪ್ಪಬಹುದು. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಅಷ್ಟು ಬರೆಯಲು ಪುರಸೊತ್ತೂ ಇಲ್ಲ. ಆದರೂ ಇವು ಪಟ್ಟಿಯನ್ನು ಚಿಕ್ಕದಾಗಿ, ಚೊಕ್ಕವಾಗಿ ಇಡಲು ಕಾರಣಗಳೇ ಹೊರತು ಬಿಟ್ಟುಬಿಡಲು ಅಲ್ಲ.

ನಮಗೆ ಇದು ಈಗಿನ ಪ್ರಶ್ನೆ. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್, 14 ಅಂಕಿಗಳ ಆಭಾ ಸಂಖ್ಯೆಯ ಮೂಲಕ ಬೇರೆಬೇರೆ ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸುತ್ತಿದೆ. ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಊರೂರು ಅಲೆಯುವ ರೋಗಿಗೆ ಇದು ದೊಡ್ಡ ಉಪಕಾರ. ಆದರೆ ಒಂದು ಆಸ್ಪತ್ರೆಯ ತಪ್ಪು ನಮೂದೂ ಇದೇ ದಾರಿಯಲ್ಲಿ ಇನ್ನೊಂದಕ್ಕೆ ತಲುಪುತ್ತದೆ.

ಆದ್ದರಿಂದ ತಂತ್ರಾಂಶ ಕೊಳ್ಳುವ ಆಸ್ಪತ್ರೆಗಳು ಮೂರು ಸೌಲಭ್ಯಗಳನ್ನು ಕೇಳಿ ಪಡೆಯಬೇಕು: ಸಂಶಯವನ್ನು ಸಂಶಯವೆಂದೇ ಬರೆಯಲು ಜಾಗ, ವಾಸಿಯಾದದ್ದನ್ನು ಬೇರೆಯಿಡುವ ಅನುಕೂಲ, ಪ್ರತಿ ಸಾಲಿನ ಪಕ್ಕ ಬರೆದವರ ಹೆಸರು ಮತ್ತು ದಿನಾಂಕ. ಡಿಸ್ಚಾರ್ಜ್‌ಗೆ ಮುನ್ನ ಒಬ್ಬ ವೈದ್ಯರು ಪಟ್ಟಿಯನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಲಿ. ತಪ್ಪಿದ್ದರೆ ಎಷ್ಟೋ ಸಲ ಅದನ್ನು ಮೊದಲು ಗುರುತಿಸುವವರು ರೋಗಿಯೇ.