ಟಿಪ್ಪುವಿನ ಸೋದರಳಿಯನ ಸಿಟ್ಟು ಯಾರ ಮೇಲೆ?

ಜೂಲ್ಸ್ ವರ್ನ್ ಸೃಷ್ಟಿಸಿದ ಕ್ಯಾಪ್ಟನ್ ನೆಮೋ ಟಿಪ್ಪು ಸುಲ್ತಾನರ ಸೋದರಳಿಯ ಅಂತ ಗೊತ್ತಾದಾಗ ನಮ್ಮವರಿಗೆಲ್ಲ ಖುಷಿ. ನನಗೂ ಆಗಿತ್ತು. ಆದರೆ ನೆಮೋ ಬರುವ ಎರಡೂ ಕಾದಂಬರಿಗಳನ್ನು ಜೊತೆಗಿಟ್ಟು ಓದಿದರೆ ಬೇರೆಯೇ ಸಂಗತಿ ಕಾಣುತ್ತೆ.

1869-70ರಲ್ಲಿ ಬಂದ ಮೊದಲ ಕಾದಂಬರಿಯಲ್ಲಿ, ಸಮುದ್ರದಡಿ ಜಲಾಂತರ್ಗಾಮಿ ಓಡಿಸುವ ಈ ನೆಮೋಗೆ ದೇಶವೇ ಇಲ್ಲ. ವರ್ನ್ ಯೋಚಿಸಿದ್ದು ಪೋಲೆಂಡಿನವನನ್ನು. ಅವನ ಹಗೆ ರಷ್ಯಾದ ಮೇಲೆ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲೂ ಪುಸ್ತಕ ಮಾರಾಟವಾಗಬೇಕಲ್ಲ! ಹಾಗಾಗಿ ನೆಮೋ ಕೊನೆಯಲ್ಲಿ ಮುಳುಗಿಸುವ ಯುದ್ಧನೌಕೆ ಯಾವ ದೇಶದ್ದು ಅಂತ ಕಾದಂಬರಿ ಹೇಳೋದೇ ಇಲ್ಲ.

ಅವನ ಕೋಣೆಯ ಗೋಡೆ ನೋಡಿ. ಪೋಲೆಂಡಿನ ಕೊಸ್ಚುಸ್ಕೊ, ತುರ್ಕರ ವಿರುದ್ಧ ಹೋರಾಡಿದ ಗ್ರೀಕ್ ವೀರ ಬೊಟ್ಸಾರಿಸ್, ಐರ್ಲೆಂಡಿನ ಓಕಾನೆಲ್, ಅಮೆರಿಕದ ವಾಷಿಂಗ್ಟನ್, ಲಿಂಕನ್, ಜಾನ್ ಬ್ರೌನ್ ಇವರ ಚಿತ್ರಗಳಿವೆ. ಟಿಪ್ಪು ಇಲ್ಲ. ಫ್ರಾನ್ಸಿನ ವಿರುದ್ಧ 1847ರವರೆಗೆ ಹೋರಾಡಿದ ಅಲ್ಜೀರಿಯಾದ ಅಮೀರ್ ಅಬ್ದುಲ್ ಖಾದಿರ್ ಕೂಡ ಇಲ್ಲ. ಪರರ ಸಾಮ್ರಾಜ್ಯಗಳ ಪಾಪ ಎಣಿಸಿದ ಈ ಗೋಡೆ ಲೇಖಕನ ಸ್ವಂತ ದೇಶದ ಬಗ್ಗೆ ಮೌನ.

1875ರ 'ನಿಗೂಢ ದ್ವೀಪ'ದಲ್ಲಷ್ಟೇ ಗುಟ್ಟು ಬಯಲು. ನೆಮೋ ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರ ಬಂಡಾಯದಲ್ಲಿ ಕುಟುಂಬ ಕಳೆದುಕೊಂಡವನು. ಈಗ ಹಗೆ ಬ್ರಿಟನ್ ಮೇಲೆ. ಮೈಸೂರಿಗೂ ಬುಂದೇಲ್‌ಖಂಡಕ್ಕೂ ಎಲ್ಲಿಯ ನಂಟು? ವರ್ನ್‌ಗೆ ಬೇಕಿದ್ದದ್ದು ಬ್ರಿಟಿಷರಿಗೆ ಚುಚ್ಚುವ ಒಂದು ಹೆಸರು, ಅಷ್ಟೆ. ಡಕ್ಕರ್ ವಿದ್ಯೆಗಾಗಿ ಯುರೋಪಿಗೆ ಹೋಗ್ತಾನೆ. ಅದೇ ಸೋದರಮಾವನ ಸೈನ್ಯದ ಕಬ್ಬಿಣದ ಕೊಳವೆಯ ರಾಕೆಟ್ ನೋಡಿ ಬ್ರಿಟಿಷರು ಕಾಂಗ್ರೀವ್ ರಾಕೆಟ್ ಮಾಡಿಕೊಂಡ ಇತಿಹಾಸಕ್ಕೆ ಇಲ್ಲಿ ಜಾಗವಿಲ್ಲ.

ಇಷ್ಟಕ್ಕೇ ಮುಗೀಲಿಲ್ಲ. ಕಿಂಗ್‌ಸ್ಟನ್ ಹೆಸರಿನಲ್ಲಿ ಬಂದ ಹಳೆಯ ಇಂಗ್ಲಿಷ್ ಅನುವಾದದಲ್ಲಿ ಡಕ್ಕರನ ಕಥೆಯನ್ನೇ ಬ್ರಿಟಿಷರಿಗೆ ಒಗ್ಗುವಂತೆ ತಿದ್ದಿದ್ದಾರೆ. ಇಂಟರ್ನೆಟ್‌ನಲ್ಲಿ ಪುಕ್ಕಟೆಯಾಗಿ ಸಿಗೋದು ಹೆಚ್ಚಾಗಿ ಇದೇ. ಅಂದರೆ ಒಬ್ಬನೇ ನಾಯಕನ ಸಿಟ್ಟನ್ನು ಎರಡು ಸಲ ಕತ್ತರಿಸಲಾಯಿತು: ಒಮ್ಮೆ ರಷ್ಯಾಕ್ಕಾಗಿ, ಇನ್ನೊಮ್ಮೆ ಬ್ರಿಟನ್ನಿಗಾಗಿ.

ಹಾಗಂತ ಪುಸ್ತಕ ಬಿಸಾಡಬೇಕಿಲ್ಲ. ಸಾಮ್ರಾಜ್ಯಗಳು ಮೆರೆಯುತ್ತಿದ್ದ ಕಾಲದಲ್ಲಿ, ಎಲ್ಲ ನೌಕಾಪಡೆಗಳನ್ನೂ ಮೀರಿಸುವ ಯಂತ್ರವನ್ನು ಒಬ್ಬ ಭಾರತೀಯನ ಕೈಗೆ ಕೊಟ್ಟದ್ದು ಸಣ್ಣ ಮಾತಲ್ಲ. ಆದರೆ ವಿದ್ಯಾರ್ಥಿಗಳೇ, ಟಿಪ್ಪು ಹೆಸರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಕೈಯಲ್ಲಿರೋದು ಯಾವ ಅನುವಾದ ಅಂತ ಮೊದಲು ನೋಡಿ. ಆಮೇಲೆ, ಯಾವ ಸಾಮ್ರಾಜ್ಯವನ್ನು ಬೈದಿದ್ದಾರೆ ಅನ್ನೋದರ ಜೊತೆಗೆ ಯಾವುದನ್ನು ಬಿಟ್ಟಿದ್ದಾರೆ ಅನ್ನೋದನ್ನೂ ಹುಡುಕಿ.